ಒಂದಂಗುಲ ಕೂದಲು

14 ನವೆಂಬರ್ 2006, ಮಂಗಳವಾರ
ಕೂಕಟ್‌ಪಲ್ಲಿ

ಅವ್ವನ ಕೈ ತಲೆಗೆ ತಾಗಿದ್ದು ನೆನೆದರೆ ಈಗಲೂ ಹೇಸಿಗೆಯಾಗುತ್ತಿದೆ.

ಕೀಮೋಗೆ ನನ್ನ ಕೂದಲು ಉದುರಿದಾಗ, ಕ್ಯಾನ್ಸರ್ ಎಂದರೆ ಮದುವೆಯಾಗದೆಂದು ಹೆದರಿ, "ತಿರುಪತಿಗೆ ಮುಡಿ ಕೊಟ್ಟಾಳ್ರಿ" ಎಂದು ಎಲ್ಲರಿಗೂ ಹೇಳಿದ್ದಳು. ಬೇಕರಿಯ ಲಾಡು ತಂದು ಪ್ರಸಾದವೆಂದು ಹಂಚಿದ್ದಳು. ಪಕ್ಕದ ಮನೆಯ ಸುಗುಣಾ ಆಂಟಿ ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುವಾಗ ನಾನು ಒಳಗೆ ಬಕೆಟ್ಟಿಗೆ ವಾಂತಿ ಮಾಡುತ್ತಿದ್ದೆ.

ಇಂದು ಡಾಕ್ಟರು ಸ್ಕ್ಯಾನ್ ನೋಡಿ ಗಡ್ಡೆಯ ಗುರುತೂ ಉಳಿದಿಲ್ಲ ಎಂದರು. ಸೋಮವಾರದಿಂದ ಆಫೀಸು, ವಿಗ್ ಇಲ್ಲದೆ. ಬರುವಾಗ ಆಟೋದಲ್ಲಿ ಅವ್ವ ನನ್ನ ಒಂದಂಗುಲ ಕೂದಲು ಸವರಿದಳು.

"ಸುಳ್ಳು ಹೇಳಿದ್ದು ದೇವರಿಗೆ ಗೊತ್ತೈತಿ, ನೀಲಾ. ಈಗ ಖರೇನ ಮುಡಿ ಕೊಟ್ಟು ಬರೂಣು."

"ಸುಳ್ಳು ಹೇಳಿದಾಕಿ ನೀನು. ನಿನ್ನ ಜಡಿ ಕೊಡು" ಎಂದೆ.

ಅವಳ ಕೈ ತಟ್ಟನೆ ತನ್ನ ಜಡೆಗೆ ಹೋಯಿತು. ಮನೆ ಬರುವವರೆಗೂ ಬಿಡಲಿಲ್ಲ.