ಹೊಟ್ಟೆಯಿಂದ ಬರಬೇಕಾದ ಕೂಗು

ಮಾರ್ಚ್ 2

ವ್ಯಾನಿನ ಹಿಂದಿನ ಸೀಟು ಮುಗಿಯಿತು. ಎರಡು ಫ್ರೇಮು ಸೇರಿಸಿ ಒಂದೇ ಹಾಸಿಗೆಯಂತೆ ಮಾಡಿದೆ. ದಪ್ಪ ಫೋಮು, ಮೇಲೆ ಹೊಸ ರೆಕ್ಸಿನ್. ತಲೆಯ ಕಡೆ ಎತ್ತರ. ಪೂರ್ತಿ ಮಲಗಿದರೆ ಮೈಕಣ್ಣನಿಗೆ ಕೆಮ್ಮು ಹತ್ತುತ್ತದೆ, ಒರಗಿದರೆ ಪರವಾಗಿಲ್ಲ. ಅಂಚಿನ ಹೊಲಿಗೆ ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಹಾಕಿದೆ. ಬಸ್ಸಿನ ಸೀಟಿಗೆ ಇಷ್ಟೆಲ್ಲ ಮಾಡುವುದಿಲ್ಲ.

ಡ್ರೈವರಣ್ಣ ಬಂದು ಕುಳಿತು ಕುಪ್ಪಳಿಸಿ ನೋಡಿದ. “ಲೋ ಸೈಲೆನ್ಸರ್, ಇದರ ಮೇಲೆ ಕೂತ್ರೆ ರೋಗ ಇಲ್ಲದವನೂ ಇಳಿಯಲ್ಲ ಅಂತಾನೆ.”

ನಕ್ಕೆ. ಸದ್ದಿಲ್ಲದೆ. ನಾನು ಸೀಟು ಹೊಲಿಯುವ ಬಸ್ ಶೆಡ್ಡಿನಲ್ಲಿ ನನಗೆ ಆ ಹೆಸರು ಬಂದದ್ದು ಅದಕ್ಕೇ.

ಮೈಕಣ್ಣನಿಗೆ ಮೈಕ್ ಎಂಬ ಹೆಸರು ಬಂದದ್ದು ಗಂಟಲಿನಿಂದ. ಡ್ರೈವರಣ್ಣನ ಬಸ್ಸಿಗೆ ಮೊದಲಿನಿಂದ ಅವನೇ ಕಂಡಕ್ಟರ್. ಸ್ಟ್ಯಾಂಡಿನ ಆ ತುದಿಯಲ್ಲಿ ಕೂಗಿದರೆ ಈ ತುದಿಯಲ್ಲಿ ತೂಕಡಿಸುವವರು ಎದ್ದು ಓಡಿ ಬರುತ್ತಿದ್ದರು. ಈಗ ಅದೇ ಗಂಟಲಲ್ಲಿ ಗಡ್ಡೆ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರಂತೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ರೈಲು ಬೇಡವೆಂದು ಹಟ ಹಿಡಿದ. ಅವನ ಹೆಂಡತಿ, ನಮ್ಮ ಅತ್ತಿಗೆ, ಮುಂಚೆಯೇ ರೈಲಿನಲ್ಲಿ ಹೋಗಿ ಬೆಡ್ ನೋಡಿಕೊಳ್ಳುತ್ತಾಳೆ. ನಾವು ಮೂವರು ರಸ್ತೆಯಲ್ಲಿ. “ಮಾತು ಇರೋವರೆಗೂ ರಸ್ತೆ ಮೇಲೇ ಇರ್ತೀನಿ. ಸೈಲೆನ್ಸರ್ ಬರಲಿ. ಇವನ ಹತ್ರ ಮಾತಾಡಿದ್ರೆ ನಡುವೆ ಬಾಯಿ ಹಾಕಲ್ಲ. ನೀನು ಬಿಡ್ತೀಯೇನೋ?” ಎಂದು ಡ್ರೈವರಣ್ಣನನ್ನು ಕೇಳಿದ.

ಅಮ್ಮ ನನ್ನ ಚೀಲಕ್ಕೆ ಎರಡು ಟವೆಲ್ ತುರುಕಿದ್ದಾಳೆ. “ಅಲ್ಲಿ ಏನಾದ್ರೂ ಬೇಕಾದ್ರೆ ಬಾಯಿ ಬಿಟ್ಟು ಕೇಳು” ಎಂದಳು. ಈ ಮಾತು ನಾಲ್ಕನೇ ಕ್ಲಾಸಿನಿಂದ ಕೇಳುತ್ತಿದ್ದೇನೆ.

ಮಾರ್ಚ್ 4, ಸಂಜೆ

ಹೊರಟೆವು. ಎಡಗಡೆ, ಮುಂದಿನ ಸೀಟು ನನ್ನದು. ವ್ಯಾನಿಗೆ ಎಡಗಡೆಯ ಕನ್ನಡಿಯೇ ಇಲ್ಲ. ಬರೀ ಕಂಬಿ.

“ಅಣ್ಣಾ, ಕನ್ನಡಿ...” ಎಂದೆ.

“ಇದ್ರೂ ನಾನು ನೋಡಲ್ಲ ಕಣೋ. ಎಡಗಡೆ ಕಣ್ಣು ಇವನದು” ಎಂದು ಡ್ರೈವರಣ್ಣ ತಲೆ ತಿರುಗಿಸದೆ ಹಿಂದಿದ್ದ ಮೈಕಣ್ಣನತ್ತ ಹೆಬ್ಬೆರಳು ತೋರಿಸಿದ.

ನಿಜ. ಶೆಡ್ಡಿನಲ್ಲಿ ನೋಡಿದ್ದೇನೆ. ಮೈಕಣ್ಣ ಹಿಂದೆ ನಿಂತು “ಬರ್ಲಿ... ಬರ್ಲಿ...” ಎನ್ನುತ್ತಿದ್ದರೆ ಡ್ರೈವರಣ್ಣ ಎದುರಿನ ಗೋಡೆ ನೋಡುತ್ತಾ ಬಸ್ಸು ಹಿಂದಕ್ಕೆ ಬಿಡುತ್ತಾನೆ. ಒಮ್ಮೊಮ್ಮೆ ಹಲ್ಲುಕಡ್ಡಿ ಕಚ್ಚುತ್ತಾ. “ಹೋಲ್ಡಾನ್” ಎಂದರೆ ನಿಲ್ಲುತ್ತದೆ. ಗೋಡೆಗೂ ಬಸ್ಸಿಗೂ ನಡುವೆ ಒಂದು ಅಂಗೈ ಜಾಗ.

ದಾರಿಯುದ್ದಕ್ಕೂ ಮೈಕಣ್ಣ ಪಾಠ ಹೇಳಿದ. ಧ್ವನಿ ಒಡೆದಿದೆ, ಹಳೇ ಬಾಗಿಲಿನಂತೆ. ಜೋರಾಗಿ ಮಾತಾಡಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಆದರೂ ನಿಲ್ಲಿಸುವುದಿಲ್ಲ.

“ಗಂಟಲಿಂದ ಕೂಗಬೇಡ. ಗಂಟಲಿಂದ ಕೂಗಿದ್ರೆ ನನ್ನಂಗೆ ಆಗ್ತೀಯ.” ನಕ್ಕ. ಕೆಮ್ಮಿದ. “ಹೊಟ್ಟೆಯಿಂದ ಬರಬೇಕು. ಹೊಟ್ಟೆ ಮೇಲೆ ಕೈ ಇಟ್ಕೋ. ಹಾಂ. ಈಗ ಅನ್ನು. ರೈಟ್!”

“ರೈಟ್” ಎಂದೆ.

ಡ್ರೈವರಣ್ಣ, “ಯಾವುದೋ ಸೊಳ್ಳೆ ಒಳಗೆ ಬಂದಿದೆ ನೋಡ್ರೋ” ಎಂದ.

ಮಾರ್ಚ್ 5

ಮಧ್ಯಾಹ್ನ ಹೆದ್ದಾರಿ ಪಕ್ಕ ಚಹಾಕ್ಕೆ ನಿಲ್ಲಿಸಿದೆವು. ಅಂಗಡಿ ರಸ್ತೆಯ ಆ ಬದಿ. ಮೈಕಣ್ಣ ನನ್ನ ತೋಳು ಹಿಡಿದುಕೊಂಡ. “ದಾಟಬಾರದು. ಇಲ್ಲಿಂದಲೇ ಕೂಗು. ಮೂರು ಚಹಾ.”

ಲಾರಿಗಳು ಹೋಗುತ್ತಲೇ ಇದ್ದವು. ಬಾಯಿ ತೆರೆದೆ. ಆಗುವುದು ಅದೇ. ಒಳಗೆ ಮಾತು ಸರಿಯಾಗಿಯೇ ಇರುತ್ತದೆ, ಎದೆಯವರೆಗೆ ಬರುತ್ತದೆ, ಅಲ್ಲಿ ಯಾರೋ ಬಾಗಿಲು ಹಾಕುತ್ತಾರೆ. ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿ ಓದಲು ಹೇಳಿದಾಗಲೂ ಹೀಗೇ ಆಗುತ್ತಿತ್ತು. ಓದಲು ಬರುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಹಿಂದಿನ ಬೆಂಚಿನ ನಗು ಮಾತ್ರ ನೆನಪಿದೆ. ನಾಲ್ಕನೆಯದು ಮುಗಿಸಿ ಹೊಲಿಗೆಗೆ ಸೇರಿದೆ. ಸೂಜಿ ಏನೂ ಕೇಳುವುದಿಲ್ಲ.

ಕೊನೆಗೆ ಡ್ರೈವರಣ್ಣನೇ ಶಿಳ್ಳೆ ಹೊಡೆದು ಕರೆದ.

ಚಹಾ ಕುಡಿಯುತ್ತಾ ಮೈಕಣ್ಣ ಮೆಲ್ಲಗೆ ಹೇಳಿದ. “ನಾಚಿಕೆ ಅಂತೀಯಲ್ಲ, ಅದು ಏನು ಗೊತ್ತಾ? ಎಲ್ಲರೂ ನಿನ್ನನ್ನೇ ನೋಡ್ತಿದ್ದಾರೆ ಅನ್ನೋ ದೊಡ್ಡಸ್ತಿಕೆ. ಯಾರೂ ನೋಡಲ್ಲ ಕಣೋ. ಅವರಿಗೆ ಬಸ್ ಎಲ್ಲಿಗೆ ಹೋಗುತ್ತೆ ಅನ್ನೋದಷ್ಟೇ ಬೇಕು.”

ಆಮೇಲೆ ಲೋಟ ಹಿಡಿದುಕೊಂಡೇ ಕುಳಿತ. ನುಂಗಲು ಕಷ್ಟ. ಚಹಾ ಆರಿತು. ನಾವಿಬ್ಬರೂ ನೋಡದವರಂತೆ ಇದ್ದೆವು.

“ಆಪರೇಷನ್ ಆದ ಮೇಲೆ ನಿಮ್ಮ ಅತ್ತಿಗೆ ಜೊತೆ ಜಗಳ ಹೆಂಗೆ ಆಡೋದು?” ಎಂದ ಇದ್ದಕ್ಕಿದ್ದಂತೆ.

“ಆಡೋದೇನು, ಕೇಳಿಸ್ಕೊಳ್ಳೋದು. ನಾನು ಬಾಯಿದ್ದೂ ಅದನ್ನೇ ಮಾಡ್ತಿರೋದು” ಎಂದ ಡ್ರೈವರಣ್ಣ.

ಇಬ್ಬರೂ ನಕ್ಕರು. ಡ್ರೈವರಣ್ಣ ನಗುತ್ತಲೇ ಎದ್ದು ವ್ಯಾನಿನ ಹಿಂದೆ ಹೋದ. ಟೈರಿನಲ್ಲಿ ಗಾಳಿ ನೋಡುತ್ತೇನೆಂದ. ಬಹಳ ಹೊತ್ತು ನೋಡಿದ.

ಮಾರ್ಚ್ 6

ಅಕ್ಷರ ಸರಿಯಾಗಿ ಬರುತ್ತಿಲ್ಲ.

ರಸ್ತೆ ರಿಪೇರಿಯೆಂದು ಬೇರೆ ದಾರಿಗೆ ತಿರುಗಿಸಿದರು. ದಾರಿ ತಪ್ಪಿತು. ವ್ಯಾನು ಕಲ್ಲುಕ್ವಾರಿಯ ಅಂಚಿಗೆ ಹೋಗಿ ನಿಂತಿತು. ಹಿಂದಕ್ಕೆ ಬಿಟ್ಟು ತಿರುಗಿಸಬೇಕು. ಮೈಕಣ್ಣ ಇಳಿಯಲು ಹೊರಟ. ಡ್ರೈವರಣ್ಣ, “ನೀನು ಒರಗು. ಸೈಲೆನ್ಸರ್ ನೋಡ್ತಾನೆ” ಎಂದ.

ಇಳಿದು ಹಿಂದೆ ನಿಂತೆ. ವ್ಯಾನು ಬರತೊಡಗಿತು. ಎಡಗಡೆಯ ಚಕ್ರ ಅಂಚಿಗೆ ಹತ್ತಿರವಾಯಿತು. ಕೆಳಗೆ ನೀರು ತುಂಬಿದ ಆಳ. ನನಗೆ ಎಲ್ಲವೂ ಕಾಣುತ್ತಿತ್ತು. ಹೋಲ್ಡಾನ್ ಎನ್ನಬೇಕು. ಬಾಯಿ ತೆರೆದೆ. ಬಾಗಿಲು ಹಾಕಿಕೊಂಡಿತು. ಕೈ ಎತ್ತಿದೆ. ಎರಡೂ ಕೈ ಎತ್ತಿ ಆಡಿಸಿದೆ.

ಡ್ರೈವರಣ್ಣ ನೋಡುವುದಿಲ್ಲ. ಕೇಳುತ್ತಾನೆ. ಅವರಿಬ್ಬರ ಲೆಕ್ಕದಲ್ಲಿ ಹೋಲ್ಡಾನ್ ಎನ್ನುವವರೆಗೂ ಜಾಗ ಇದೆ ಎಂದೇ ಅರ್ಥ. ನಾನು ಸುಮ್ಮನಿದ್ದೆ. ಆದ್ದರಿಂದ ಅವನು ಬಿಡುತ್ತಲೇ ಬಂದ.

“ಹೋಲ್ಡಾನ್!”

ಮೈಕಣ್ಣ. ಹಿಂದಿನ ಗಾಜಿನಿಂದ ನನ್ನ ಕೈ ಕಂಡಿರಬೇಕು. ಹಳೆಯ ಧ್ವನಿ. ಸ್ಟ್ಯಾಂಡಿನ ಧ್ವನಿ. ಕ್ವಾರಿಯೊಳಗೆಲ್ಲ ತಿರುಗಿ ವಾಪಸು ಬಂತು.

ವ್ಯಾನು ನಿಂತಿತು. ಚಕ್ರದ ಕೆಳಗಿನ ಜಲ್ಲಿ ಜಾರಿ ನೀರಿಗೆ ಬಿತ್ತು.

ಬಾಗಿಲು ತೆರೆದು ನೋಡಿದರೆ ಮೈಕಣ್ಣ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಅಮ್ಮ ಕೊಟ್ಟ ಟವೆಲ್. ಅದು ಕೆಂಪಾಗುತ್ತಲೇ ಹೋಯಿತು.

ಇಬ್ಬರೂ ಬೈಯಲಿಲ್ಲ. ಬೈದಿದ್ದರೆ... ಡ್ರೈವರಣ್ಣ ವ್ಯಾನು ರಸ್ತೆಗೆ ತಂದ ಮೇಲೆ ಇಷ್ಟೇ ಹೇಳಿದ. “ನಿನ್ನ ಕೈ ನನಗೆ ಕಾಣಲ್ಲ ಕಣಪ್ಪಾ. ನಾನು ಕಿವಿಯಿಂದ ಗಾಡಿ ಓಡಿಸೋನು.”

ಮಾರ್ಚ್ 7

ಮೈಕಣ್ಣ ಮಾತಾಡಲಿಲ್ಲ. ಇಡೀ ದಿನ. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ರೆಕ್ಸಿನ್ನಿನ ಸದ್ದು ಮಾತ್ರ, ಅವನು ಮಗ್ಗುಲು ಬದಲಿಸಿದಾಗ.

ಮಾರ್ಚ್ 8

ಆಸ್ಪತ್ರೆ. ಅತ್ತಿಗೆ ಗೇಟಿನಲ್ಲೇ ನಿಂತಿದ್ದಳು. ಟವೆಲ್ ನೋಡಿದಳು. ನನ್ನನ್ನು ನೋಡಿದಳು. ಚೀಲ ಇಸಿದುಕೊಂಡಳು.

ಮಾರ್ಚ್ 11

ಆಪರೇಷನ್ ಮಾಡುವುದಿಲ್ಲವಂತೆ. ಶ್ವಾಸಕೋಶಕ್ಕೂ ಹರಡಿದೆ. ತೆಗೆದು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು.

ಬರುವಾಗ ದಾರಿಯುದ್ದಕ್ಕೂ ಮಾತಿಗೆ ವಿದಾಯ ಹೇಳುತ್ತಾ ಬಂದಿದ್ದೆವು. ಈಗ ಮಾತು ಉಳಿಯುತ್ತದೆ. ಜೀವ ಉಳಿಯುವುದಿಲ್ಲ.

ಮೈಕಣ್ಣ ಬೆಡ್ಡಿನಲ್ಲಿ ಕುಳಿತು ಗೋಡೆ ನೋಡುತ್ತಿದ್ದ. ಅತ್ತಿಗೆ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು, ತಪ್ಪಾದ ಕಾಜಕ್ಕೆ. ಅವನು ಸರಿಮಾಡಿಕೊಳ್ಳಲಿಲ್ಲ. “ಮೂಗನಾಗಿ ಬದುಕೋದನ್ನ ಆಗಲೇ ಕಲ್ತುಬಿಟ್ಟಿದ್ದೆ ಕಣೇ” ಎಂದ. “ಒಂದು ದಿನ ಪೂರ್ತಿ ಪ್ರಾಕ್ಟೀಸ್ ಮಾಡಿದ್ದೆ. ಆಗುತ್ತೆ ಅನ್ನಿಸಿತ್ತು.”

ಅಂದರೆ ಏಳನೇ ತಾರೀಖಿನ ಮೌನ ನನ್ನ ಮೇಲಿನ ಸಿಟ್ಟಲ್ಲ. ಅದು ತಿಳಿದ ಮೇಲೆ ಇನ್ನೂ ಕಷ್ಟವಾಯಿತು.

ಡಾಕ್ಟರ್ ಹಿಂದೆ ಕಾರಿಡಾರಿನ ಕೊನೆಯವರೆಗೂ ಹೋದೆ. ಒಂದೇ ಪ್ರಶ್ನೆ. ಅಷ್ಟು ಜೋರಾಗಿ ಕೂಗಿದ್ದರಿಂದ ಹೀಗಾಯಿತೇ? ಅವರು ತಿರುಗಿದರು. “ಏನಪ್ಪಾ?”

“ಏನಿಲ್ಲ” ಎಂದೆ.

ಅದೊಂದು ಮಾತು ಸಲೀಸಾಗಿ ಬರುತ್ತದೆ.

ಸಂಜೆ ಡ್ರೈವರಣ್ಣ ಮೆಟ್ಟಿಲ ಮೇಲೆ ಪಕ್ಕಕ್ಕೆ ಬಂದು ಕುಳಿತ. “ಎಷ್ಟೋ ತಿಂಗಳ ಹಿಂದೇನೇ ಹರಡಿತ್ತಂತೆ. ಡಾಕ್ಟರೇ ಹೇಳಿದ್ರು.” ನಾನು ಕೇಳಿರಲಿಲ್ಲ. ಕೇಳದೆಯೇ ಯಾಕೆ ಹೇಳಿದ? ನನಗಾಗಿ ಕಟ್ಟಿದ ಮಾತೋ ಏನೋ. ನಿಜವೇನೋ. ಇನ್ನು ಹೇಗೆ ತಿಳಿಯುವುದು.

ಮಾರ್ಚ್ 13

ವಾಪಸು. ಅತ್ತಿಗೆಯೂ ವ್ಯಾನಿನಲ್ಲೇ, ಅವನ ತಲೆ ತೊಡೆಯ ಮೇಲಿಟ್ಟುಕೊಂಡು. ಯಾರೂ ಯಾರಿಗೂ ಏನೂ ಕಲಿಸಲಿಲ್ಲ. ಹೋಗುವಾಗ ನಿಲ್ಲಿಸಿದ್ದ ಚಹಾದಂಗಡಿ ಬಂತು, ಹೋಯಿತು.

ಪೆಟ್ರೋಲ್ ಬಂಕಿನಲ್ಲಿ ಹಿಂದಕ್ಕೆ ಬಿಡಬೇಕಾಯಿತು. ಇಳಿದೆ. ಒಳಗಿನಿಂದ ಮೈಕಣ್ಣ ಗಾಜಿಗೆ ಮುಖ ತಂದು ನೋಡುತ್ತಿದ್ದ, ತುಟಿ ಬಿಗಿಹಿಡಿದು. ಈ ಸಲ ಅವನು ಕೂಗುವುದಿಲ್ಲ ಎಂದು ಗೊತ್ತಾಯಿತು. ಕಂಬ ಹತ್ತಿರ ಬಂತು. ಧ್ವನಿ ಬರಲಿಲ್ಲ. ಅಂಗೈಯಿಂದ ವ್ಯಾನಿನ ಬೆನ್ನಿಗೆ ಪಟಪಟ ಬಡಿದೆ. ನಿಂತಿತು.

ಒಳಗೆ ಬಂದಾಗ ಮೈಕಣ್ಣ, “ಬಡಿಯೋದೂ ಪರವಾಗಿಲ್ಲ. ಆದ್ರೆ ಕೈಗೆಟುಕೋ ದೂರದಲ್ಲಿ ಇದ್ರೆ ಮಾತ್ರ” ಎಂದ.

ಎರಡು ದಿನದಲ್ಲಿ ಅವನು ಆಡಿದ್ದು ಅದೊಂದೇ.

ಏಪ್ರಿಲ್ 2

ಶೆಡ್ಡಿಗೆ ಹೋಗುತ್ತಿದ್ದೇನೆ. ಡ್ರೈವರಣ್ಣನ ಬಸ್ಸಿಗೆ ಹೊಸ ಕಂಡಕ್ಟರ್. ಒಳ್ಳೆಯವನೇ. ಫೋನ್ ನೋಡುತ್ತಾ “ಬರ್ಲಿ ಬರ್ಲಿ” ಎನ್ನುತ್ತಾನೆ. ಬಸ್ಸಿನ ಹಿಂಭಾಗ ಆಗಲೇ ಜಜ್ಜಿಹೋಗಿದೆ. ಮಾಲೀಕರು ಡ್ರೈವರಣ್ಣನಿಗೆ ಎಲ್ಲರೆದುರು, “ವಯಸ್ಸಾಯ್ತೇನಯ್ಯಾ? ಕಣ್ಣು ಕಾಣಲ್ವಾ?” ಎಂದರು. ಅವನು ಹೌದು ಸಾರ್ ಎಂದ. ಈಗ ಕತ್ತು ತಿರುಗಿಸಿ ಹಿಂದೆ ನೋಡುತ್ತಾನೆ. ಅಭ್ಯಾಸವಿಲ್ಲದ ಕತ್ತು. ನೋಡಲಾಗುವುದಿಲ್ಲ.

ಕೆಲಸ ಬಿಟ್ಟ ಮೇಲೆ ದಿನಾ ಮೈಕಣ್ಣನ ಮನೆಗೆ. ಕಣ್ಣು ಮುಚ್ಚಿ ಒರಗಿರುತ್ತಾನೆ. ಅವನ ರೂಟಿನ ಸ್ಟಾಪುಗಳನ್ನು ಮೊದಲಿನಿಂದ ಒಂದೊಂದಾಗಿ ಹೇಳಬೇಕು. ಒಂದು ಬಿಟ್ಟರೆ ಬೆರಳು ಎತ್ತುತ್ತಾನೆ. ಹೇಳಿ ಮುಂದೆ ಹೋಗುತ್ತೇನೆ. ಅವನೊಬ್ಬನೇ ಎದುರಿಗಿದ್ದಾಗ ಧ್ವನಿ ಬರುತ್ತದೆ. ಸಣ್ಣದು, ಆದರೆ ಬರುತ್ತದೆ.

ಇವತ್ತು ಬೆರಳನ್ನು ಮೇಲೆ ಮೇಲೆ ಆಡಿಸಿದ. ಜೋರಾಗಿ ಎಂದು. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು.

ಏಪ್ರಿಲ್ 9

ಸ್ಟಾಪು ಹೇಳುವಾಗ ಕೊನೆಯದನ್ನು ಬೇಕೆಂದೇ ಹೇಳಲಿಲ್ಲ. ಅವನು ಬೆರಳೂ ಎತ್ತಲಿಲ್ಲ.

ಏಪ್ರಿಲ್ 10

“ಹೊರಗೆ ಬೀದೀಲಿ ನಿಂತು ಒಂದ್ಸಲ ಕೂಗು. ಇಲ್ಲಿಂದ ಕೇಳಿಸ್ಕೋತೀನಿ” ಎಂದ. ಉಸಿರಿನಲ್ಲೇ. ಅವನ ಬಾಯಿಗೆ ಕಿವಿ ಇಟ್ಟು ಕೇಳಿಸಿಕೊಳ್ಳಬೇಕು ಈಗ.

ಹೋಗಿ ನಿಂತೆ. ಇಕ್ಕಟ್ಟು ಬೀದಿ. ಒಂದು ಬದಿ ಚರಂಡಿ, ಇನ್ನೊಂದು ಬದಿ ಮನೆಗಳ ಮೆಟ್ಟಿಲು. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಸೈಕಲ್ಲಿನವನೊಬ್ಬ ಬೆಲ್ ಹೊಡೆದ, ದಾರಿ ಬಿಟ್ಟೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ಹೆಂಗಸು, “ಹೊಟ್ಟೆ ನೋವೇನಪ್ಪಾ?” ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ.

ಕೂಗಲಿಲ್ಲ. ಸುಮ್ಮನೆ ಒಳಗೆ ಬಂದೆ.

ಮೈಕಣ್ಣ ಕಣ್ಣು ತೆರೆದ. “ಕೇಳಿಸ್ತು” ಎಂದ.

ಏಪ್ರಿಲ್ 14, ಬೆಳಿಗ್ಗೆ

ಡ್ರೈವರಣ್ಣನ ಫೋನು. ಅಮ್ಮ ಎತ್ತಿದಳು. ಕೇಳಿಸಿಕೊಂಡು ನನ್ನ ಮುಖ ನೋಡಿದಳು, ಅಷ್ಟೇ. ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟನಂತೆ. ಅತ್ತಿಗೆಗೂ ತಕ್ಷಣ ಗೊತ್ತಾಗಲಿಲ್ಲವಂತೆ. ಸದ್ದೇ ಆಗಲಿಲ್ಲ.

ಕೊನೆಯ ಸಲ ಅವನನ್ನು ಒಯ್ಯಲು ವ್ಯಾನು ತರುತ್ತಿದ್ದಾನೆ ಡ್ರೈವರಣ್ಣ. ನಾನು ಹೊಲಿದ ಸೀಟು ಹಾಗೆಯೇ ಇದೆ. ತಲೆಯ ಕಡೆಯ ಎತ್ತರ ತೆಗೆಯಬಹುದು. ಇನ್ನು ಪೂರ್ತಿ ಮಲಗಿದರೂ ಕೆಮ್ಮು ಬರುವುದಿಲ್ಲ.

ಅವನ ಬೀದಿಯಲ್ಲಿ ಗಾಡಿ ತಿರುಗುವುದಿಲ್ಲ. ತುದಿಯಿಂದ ಬಾಗಿಲವರೆಗೂ ರಿವರ್ಸಿನಲ್ಲೇ ಬರಬೇಕು. ಚರಂಡಿ, ಮೆಟ್ಟಿಲು, ಇವತ್ತು ಜನವೂ ಇರುತ್ತಾರೆ. ಜನರನ್ನು ಸರಿಸುತ್ತಾ ದೂರ ನಿಂತರೆ ಬಡಿದು ನಿಲ್ಲಿಸಲು ಕೈಗೆಟುಕುವುದಿಲ್ಲ. ಫೋನಿನಲ್ಲಿ ಡ್ರೈವರಣ್ಣ ಅಮ್ಮನಿಗೆ ಹೇಳಿದನಂತೆ. “ಅವನ ಬೀದೀಲಿ ಕತ್ತು ತಿರುಗಿಸಲ್ಲ ಅಮ್ಮಾ. ಸೈಲೆನ್ಸರ್ ಹೇಳ್ತಾನೆ.”

ಹಾರ್ನು. ಬಂದ.

ಅಮ್ಮ ಚಪ್ಪಲಿ ತಂದು ಬಾಗಿಲಲ್ಲಿಟ್ಟಳು. ಹೋಗಬೇಕು. ನೋಡಿದ್ದನ್ನು ಹೇಳಬೇಕು. ಯಾರೂ ನನ್ನನ್ನು ನೋಡುವುದಿಲ್ಲ. ಗಂಟಲಿನಿಂದಲ್ಲ. ಬರ್ಲಿ... ಬರ್ಲಿ... ಮೈಕಣ್ಣಾ, ಹೊಟ್ಟೆಯಿಂದ —