ಪಿಂಛಿಯ ಗರಿ, ಗಾಳದ ಗರಿ

ಉಗಾರ ಬುದ್ರುಕ, ತಾ. ಅಥಣಿ
ಬುಧವಾರ, 28-10-2009

ಪ್ರೀತಿಯ ತಮ್ಮ ಸಮ್ಮೇದನಿಗೆ ನಿನ್ನ ತ್ರಿಶಲಾ ಅಕ್ಕನ ಜೈ ಜಿನೇಂದ್ರ.

ಆರಾಮ ಇದ್ದೀಯೇನಪ್ಪ? ನ್ಯೂಜಿಲೆಂಡಿನ ಹೊಳೆಯಲ್ಲಿ ಸೊಂಟದ ಮಟ ನೀರಿನಲ್ಲಿ ನಿಲ್ಲುತ್ತೇವೆಂದು ನೀನು ಬರೆದ ದಿನದಿಂದ ನನಗೆ ನಿನ್ನ ಮೊಣಕಾಲಿನದೇ ಚಿಂತೆ. ಥಂಡಿಗೆ ಕಾಲು ಹಿಡಿದುಕೊಂಡರೆ ಅಲ್ಲಿ ಎಣ್ಣೆ ತಿಕ್ಕುವವರು ಯಾರು? ಹೊತ್ತು ಮುಳುಗುವ ಮುಂಚೆ ಊಟ ಸಿಗುತ್ತದೋ ಇಲ್ಲವೋ? ಇಲ್ಲಿ ಅವ್ವ ಬಹಳ ಖುಷಿಯಲ್ಲಿದ್ದಾಳೆ, ನನ್ನ ಸಂಕಟವೂ ಅದೇ. ಫೋನಿನಲ್ಲಿ ಹೇಳೋಣವೆಂದರೆ ಕಿವಿ ಹಚ್ಚಿಕೊಂಡು ಪಕ್ಕದಲ್ಲೇ ಕೂತಿರುತ್ತಾಳೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಪ್ರವಾಸ ಕಂಪನಿಯ ಅಡುಗೆಯವನಾಗಿ ಐಸ್‌ಲ್ಯಾಂಡ್, ಚಿಲಿ, ಮಂಗೋಲಿಯಾ ಎಂದು ಹೋದಲ್ಲಿಂದ ಕಳಿಸಿದ ಕಾರ್ಡುಗಳನ್ನು ಅವ್ವ ಪಡಸಾಲೆಯ ಗೋಡೆಗೆ ಅಂಟಿಸಿದ್ದಾಳೆ. ಎಲ್ಲದರಲ್ಲೂ ಒಂದು ಹೊಳೆ, ಹೊಳೆಯಲ್ಲಿ ಒಬ್ಬ ಸಾಹೇಬ. ಹಿಡಿದ ಮೀನನ್ನೆಲ್ಲ ಮತ್ತೆ ನೀರಿಗೆ ಬಿಡುತ್ತಾರೆ ಎಂದು ನೀನು ಬರೆದೆಯಲ್ಲ, ಅಲ್ಲಿಂದ ಶುರುವಾಯಿತು. ದಶಲಕ್ಷಣ ಪರ್ವದಲ್ಲಿ ಅಜ್ಜ ಅಂಬಿಗರ ಬುಟ್ಟಿಯ ಮೀನು ಕೊಂಡು ಕೃಷ್ಣೆಗೆ ಬಿಡುತ್ತಿದ್ದನಲ್ಲ, ಸಾಹೇಬರದೂ ಅಂಥದೇ ಜೀವದಯೆ ಎಂದು ಅವ್ವ ತಿಳಿದಳು. ನಾನೂ ಹಾಗೇ ತಿಳಿದೆ. ತಿನ್ನುವುದೂ ಇಲ್ಲ ಎಂದಮೇಲೆ ವಿಮಾನ ಹತ್ತಿ ಅಷ್ಟು ದೂರ ಮತ್ತ್ಯಾಕೆ ಹೋಗುತ್ತಾರೆ? ಬಸದಿಯಲ್ಲಿ ಅವ್ವ, "ನಮ್ಮ ಸಮ್ಮೇದನ ಸಾಹೇಬ್ರು ದೇಶಾದೇಶಾ ತಿರಗಿ ಮೀನಾ ಬಿಡಸ್ತಾರ್ರಿ" ಅಂದರೆ ಕಮಲಾಬಾಯಿ ಕಾಕು ಸುಮ್ಮನಿರುತ್ತಾಳೆಯೇ? "ಅಲ್ಲಬೇ ಪದ್ಮವ್ವಾ, ನಮ್ಮ ಹೊಳಿ ಮೀನಾ ಏನ ಪಾಪ ಮಾಡ್ಯಾವ? ಇಲ್ಲಿಗೂ ಒಂದ ಟ್ರಿಪ್ ಕರಕೊಂಡ ಬಾ ಅನ್ನು!" ಎಲ್ಲರೂ ನಕ್ಕರು. ಕಮಿಟಿಯವರು ನಗಲಿಲ್ಲ. ಚಾತುರ್ಮಾಸ ಮುಗಿಸಿದ ಮುನಿ ಮಹಾರಾಜರಿಗೆ ಬರುವ ರವಿವಾರ ನವಿಲುಗರಿಯ ಹೊಸ ಪಿಂಛಿ ಕೊಡುವ ಮಾನ ಇಂಥ ಮಗನ ತಾಯಿಗೇ ಎಂದರು.

ಸೋಮವಾರ ನಿನ್ನ ಲಕೋಟೆ ಬಂತು. ಒಳಗೆ ಕೈ ಹಾಕಿದೆ, ಬೆರಳಿಗೆ ಚುಚ್ಚಿತು. ನೊಣದಷ್ಟು ಸಣ್ಣದು, ನವಿಲುಗರಿಯ ಎಳೆ ಸುತ್ತಿ ಕಟ್ಟಿದ್ದು, ಎಷ್ಟು ಚೆಂದ! ಅದರ ಹೊಟ್ಟೆಯೊಳಗೆ ಗಾಳ. ನಾನು ಕೊಟ್ಟ ಗರಿಯಿಂದ ನೀನೇ ಕಟ್ಟಿದ್ದಂತೆ, ಮೀನು ಹುಳವೆಂದು ಬಾಯಿ ಹಾಕುತ್ತದಂತೆ, ಹಾಗೆ ಹಿಡಿದು ಬಿಡುವುದೇ ಸಾಹೇಬರ ಆಟವಂತೆ, ನಿನಗೆ ಶಾಬಾಸ್ ಅಂದರಂತೆ. ಬೆರಳಿನಿಂದ ಕಿತ್ತು ತೆಗೆಯುವಾಗ ನನಗೇ ಕಣ್ಣಲ್ಲಿ ನೀರು ಬಂತು, ಬಾಯಿಗೇ ಚುಚ್ಚಿಸಿಕೊಂಡ ಮೀನಿಗೆ? ಆಮೇಲೆ ಬಿಟ್ಟರೇನು ಬಂತು? ಕಬ್ಬಿನ ಬದುವಿನಲ್ಲಿ ಉದುರಿದ ಗರಿಗಳನ್ನು ವರ್ಷವೆಲ್ಲ ಆರಿಸಿದವಳು ನಾನು. ಅರ್ಧ ಪಿಂಛಿಗೆ ಇಟ್ಟೆ. ಅರ್ಧ, ನೀನು ರಜೆಗೆ ಬಂದಾಗ ಕೇಳಿದೆಯೆಂದು, ಸಾಹೇಬರ ಟೋಪಿಗಿರಬೇಕು ಅಂದುಕೊಂಡು ನಿನ್ನ ಚೀಲಕ್ಕೆ ತುಂಬಿದೆ. ಇರುವೆಗೂ ನೋವಾಗಬಾರದೆಂದು ಮಹಾರಾಜರು ಕೂರುವ ನೆಲ ಸವರುವ ಪಿಂಛಿಗೂ ಅದೇ ಗರಿ, ನಿನ್ನ ಗಾಳಕ್ಕೂ ಅದೇ ಗರಿ. ಪಾಪ ನಿನಗೋ ನನಗೋ?

ಅವ್ವನಿಗೆ ಹೇಳಿದರೆ ಅವಳ ರವಿವಾರ ಹೋಗುತ್ತದೆ. ಹೇಳದಿದ್ದರೆ ಅವಳು ಗೊತ್ತಿಲ್ಲದೆ ತುಂಬಿದ ಸಭೆಯಲ್ಲಿ ಸುಳ್ಳಿಗೆ ನಿಂತಂತಾಗುತ್ತದೆ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಆ ದಿನ ದಾಟಿರುತ್ತದೆ, ಗೊತ್ತು. ಆದರೂ ಮತ್ತ್ಯಾರನ್ನು ಕೇಳಲಿ? ಅವ್ವ ರವಿವಾರದ ಹೊಸ ಸೀರೆಗೆ ಫಾಲ್ ಹೊಲಿಯುತ್ತಾ, "ತಮ್ಮಗ ಬರಿಯಾಕತ್ತಿ ಏನ? ನಂದೂ ಆಶೀರ್ವಾದ ಬರಿ" ಅಂದಳು. ಬರೆದಿದ್ದೇನೆ, ತಗೋ. ನೀರಿಗೆ ಇಳಿಯುವಾಗ ಕಾಲೂರಿ ಇಳಿ. ಕಾಲಿಗೆ ಉಣ್ಣೆಯದು ಹಾಕಿಕೋ.

ನಿನ್ನ ಅಕ್ಕ,
ತ್ರಿಶಲಾ

ತಾ.ಕ.: ತಡೆಯಲಾಗಲಿಲ್ಲ, ಲಕೋಟೆ ಅಂಟಿಸುವ ಮುಂಚೆ ಹೇಳಿಬಿಟ್ಟೆ. ಅವ್ವ ಅಳಲಿಲ್ಲ. ಸೀದಾ ಬಸದಿಗೆ ಹೋಗಿ ಎಲ್ಲರೆದುರು ಮಹಾರಾಜರ ಮುಂದೆ ತಪ್ಪೊಪ್ಪಿಕೊಂಡು ಬಂದಳು. ಪಿಂಛಿ ಇನ್ನು ಕಮಲಾಬಾಯಿ ಕಾಕು ಕೊಡುತ್ತಾಳೆ. "ಅವಗ ಬೈಬ್ಯಾಡ. ಅಂವ ಸುಳ್ಳ ಹೇಳಿಲ್ಲ, ನಾನ ಹಂಗ ತಿಳಕೊಂಡೆ" ಅಂದಳು. ಆದರೆ ನೀನು ಬಂದು ಎದುರು ಕೂರುವವರೆಗೆ ಉಪ್ಪು ತಿನ್ನುವುದಿಲ್ಲವೆಂದು ನೇಮ ಹಿಡಿದು ಬಂದಿದ್ದಾಳೆ. ಬಿಪಿ ಇಳಿಯುತ್ತದೆ, ಉಪ್ಪು ಬಿಡಬೇಡಿ ಎಂದು ಡಾಕ್ಟರು ಹೋದ ವಾರವಷ್ಟೇ ಹೇಳಿದ್ದರು. ಮಧ್ಯಾಹ್ನ ಸಪ್ಪನೆ ಬೇಳೆ ಉಂಡು, ಚೆಂದಾಗೇತಿ ಅಂದಳು. ಫೋನಿನಲ್ಲಿ ಇದನ್ನು ಹೇಳಲು ಅವಳು ಬಿಡುವುದಿಲ್ಲ. ನಿನ್ನ ರಜೆ ಮಾರ್ಚಿಗೆ ಅಂದಿದ್ದಿ. ಅಷ್ಟು ದಿನ ಆಗುವುದಿಲ್ಲ ತಮ್ಮಾ, ಈಗಲೇ ಬಾ.