ಕೀಲೆಣ್ಣೆ

ಮಾರ್ಚ್ 4, ಸಂಜೆ

ಇವತ್ತೂ ಶೂ. ಏಳನೇ ಕ್ಲಾಸಿನ ಹುಡುಗಿಯ ನಡಿಗೆ, ಮೂರು ಸೀನ್. ಪರದೆಯ ಮೇಲೆ ಅವಳ ಪಾದ, ಮೈಕಿನ ಮುಂದೆ ನನ್ನ ಕೈಯಲ್ಲಿ ಹಳೆ ಶೂ. ಒದ್ದೆ ಮಾಡಿ ಹಲಗೆಗೆ ತಿಕ್ಕಿದರೆ ಕಿರ್ರ್ ಎನ್ನುತ್ತದೆ. ಸಿನಿಮಾಗಳಿಗೆ ಸದ್ದು ಮಾಡಿಕೊಡುವ ಕೆಲಸ. "ಇದಕ್ಕಾ ನಿನ್ನ ಓದ್ಸಿದ್ದು?" — ಅಮ್ಮ. ಈ ಸಿನಿಮಾದಲ್ಲಿ ಇಡೀ ಕ್ಲಾಸು ಸೇರಿ ಇವಳೊಬ್ಬಳನ್ನು ಹುರಿದು ಮುಕ್ಕುತ್ತದೆ.

ಡೈರೆಕ್ಟರ್ ಬಂದ. "ಇವಳಿಗೊಂದು ಅಡ್ಡಹೆಸರು ಬೇಕಲ್ಲ. ಶೂ ಸದ್ದಿಗೆ ತಕ್ಕಂಗೆ. ಡಬ್ಬಿಂಗಲ್ಲಿ ಸೇರಿಸ್ತೀನಿ."

"ಕೀಲೆಣ್ಣೆ," ಎಂದೆ. ನನ್ನ ಬಾಯಿಗೆ ಬೀಗವೇ ಇಲ್ಲ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ.

ಮಾರ್ಚ್ 5

ಹೊಸ ಹೆಸರೇನಲ್ಲ. ಇಪ್ಪತ್ತಾರು ವರ್ಷದ ಹಿಂದೆ ನನ್ನ ಕ್ಲಾಸಿನ ಹುಡುಗಿಯೊಬ್ಬಳಿಗೆ ನಾನೇ ಇಟ್ಟದ್ದು. ಅವಳದು ಅಕ್ಕನ ಶೂ, ಒಂದು ಸೈಜ್ ದೊಡ್ಡದು, ಹೆಜ್ಜೆಗೊಮ್ಮೆ ಕಿರ್ರ್. "ಕೀಲೆಣ್ಣೆ ಬಿಡ್ರೇ ಅವಳಿಗೆ!" — ಮೊದಲು ನಾನು, ಅವಳ ಬೆನ್ನ ಹಿಂದೆ; ವಾರದೊಳಗೆ ಕ್ಲಾಸಿಗೆ ಕ್ಲಾಸೇ. ಒಂದು ದಿನ ನಿಜವಾಗಿಯೂ ಬಿಟ್ಟರು, ನೆತ್ತಿಯ ಮೇಲೆ. ಬಾಟ್ಲಿ ಅಪ್ಪನ ಹೊಲಿಗೆ ಮಿಷಿನ್ನಿನದು. ತಂದವಳು ನಾನು.

ಅಷ್ಟರಲ್ಲಿ ಟೀಚರ್ ಬರುವ ಸದ್ದು. ಕರ್ಚೀಫ್ ತೆಗೆದು ಅವಳ ಹಣೆ, ಕಿವಿ, ಕುತ್ತಿಗೆ ಒರೆಸಿ ಅದನ್ನು ಅವಳ ಕೈಗೇ ತುರುಕಿದೆ... ಕನಿಕರಕ್ಕಲ್ಲ. ಸಿಕ್ಕಿಬೀಳುವ ಭಯಕ್ಕೆ.

ಮಾರ್ಚ್ 17

ಆ ಮಾತು ತೆಗೆಯಿರಿ ಎಂದು ಡೈರೆಕ್ಟರಿಗೆ ಹೇಳಿದೆ. "ತಲೆ ನೆಟ್ಟಗಿದ್ಯಾ? ಡಬ್ಬಿಂಗ್ ಮುಗೀತು. ಎಲ್ರ ಬಾಯಲ್ಲೂ ಅದೇ ಈಗ." ಯಾಕೆ ಎಂದು ಕೇಳಿದ. ಹೇಳಲಿಲ್ಲ, ಹೇಡಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು — ಅಜ್ಜಿ ಅನ್ನುತ್ತಿದ್ದಳು. ನನ್ನ ಮಾತು ಹೋಗುವುದೇ ಇಲ್ಲವಲ್ಲ. ಥಿಯೇಟರಿಗೇ ಬರುತ್ತಿದೆ.

ಏಪ್ರಿಲ್ 2, ಮಧ್ಯಾಹ್ನ

ಹಳೆ ಕ್ಲಾಸ್‌ಮೇಟ್ ಒಬ್ಬಳಿಂದ ಅವಳ ನಂಬರ್ ಸಿಕ್ಕಿತು. ಮೂರು ಸಲ ಒತ್ತಿ ಕಟ್ ಮಾಡಿದೆ. ಅವಳೇ ವಾಪಸ್ ಮಾಡಿದಳು. ಯಾರೆಂದು ಹೇಳಿದೆ.

"ಅಯ್ಯೋ, ನೀನಾ! ಅವತ್ತು ಎಣ್ಣೆ ಒರೆಸಿದ್ದು ನೀನೊಬ್ಳೇ ಕಣೇ. ನಿನ್ನ ಕರ್ಚೀಫ್ ಇನ್ನೂ ನನ್ನ ಹತ್ರಾನೇ ಇದೆ. ಎಷ್ಟು ಒಗೆದ್ರೂ ಕಲೆ ಹೋಗ್ಲಿಲ್ಲ ನೋಡು. ನನ್ನ ಮಗಳಿಗೂ ಈಗ ಸ್ಕೂಲಲ್ಲಿ ಅದೇ ಪಾಡು. ನಿನ್ನ ಕಥೇನೇ ಹೇಳ್ತಿರ್ತೀನಿ. ಕ್ಲಾಸೆಲ್ಲ ಒಂದ್ಕಡೆ ಆದ್ರೂ ಒಳ್ಳೆಯವಳು ಒಬ್ಳಾದ್ರೂ ಇರ್ತಾಳೆ ಅಂತ."

ಬಾಯಿ ತೆರೆದೆ. ಹೊರಗೆ ಬಂದದ್ದು "ಹೂಂ."

ಏನು ಕೆಲಸ ಎಂದು ಕೇಳಿದಳು. ಸಿನಿಮಾದ ವಿಷಯ ಹೇಳಿದೆ. ಆ ಹೆಸರು ಅದರಲ್ಲಿದೆ ಎಂದು ಹೇಳಲಿಲ್ಲ. "ಪ್ರಿವ್ಯೂಗೆ ಇಬ್ರೂ ಬರ್ತೀವಿ!" ಎಂದಳು.

ಏಪ್ರಿಲ್ 11, ಸಂಜೆ 4

ಥಿಯೇಟರ್ ಲಾಬಿ. ಶುರುವಾಗಲು ಇಪ್ಪತ್ತು ನಿಮಿಷ. ಒಂಬತ್ತು ದಿನದಿಂದ ಒಂದಕ್ಷರ ಬರೆದಿಲ್ಲ, ಒಂದು ಫೋನೂ ಮಾಡಿಲ್ಲ.

ಒಳಗೆ ಹೋಗುವ ಮುಂಚೆ ಹೇಳಲೇಬೇಕು. ಹೇಳಿದರೆ ಆ ಮಗುವಿಗಿದ್ದ ಒಬ್ಬಳೇ ಒಳ್ಳೆಯವಳೂ ಹೋಗುತ್ತಾಳೆ. ಹೇಳದಿದ್ದರೆ ಪರದೆಯೇ ಹೇಳುತ್ತದೆ. ಜನ ನಗುತ್ತಾರೆ. ಪಕ್ಕದ ಸೀಟಿನಲ್ಲಿ ನಾನು...

ಬಂದರು. ಗಾಜಿನ ಬಾಗಿಲಾಚೆ ನಿಂತು ನನ್ನನ್ನೇ ಹುಡುಕುತ್ತಿದ್ದಾರೆ. ಮಗಳ ಕೈಯಲ್ಲಿ ಮಡಿಚಿದ ಬಿಳಿ ಕರ್ಚೀಫ್. ಕಲೆ ಇಲ್ಲಿಗೇ ಕಾಣುತ್ತಿದೆ. ಮೊದಲ ಮಾತೇ ಅದಾಗಬೇಕು, ಬೇರೇನೂ ಬೇಡ — ಆ ಬಾಟ್ಲಿ ತಂದವಳು